ಗಂಟೆ ಮುನಿಶಾಮಿಯ ವಿದೇಶಾಂಗ ನೀತಿ

ಮೇ ತಿಂಗಳ ಒಂದು ಮಧ್ಯಾಹ್ನ, ಸರಿಯಾಗಿ ಎರಡು ಗಂಟೆಗೆ, ಕೆಜಿಎಫ್‌ನಲ್ಲಿ ಸಂಗು ಕೂಗಿತು. ಸಂಗು ಎಂದರೆ ಸೈರನ್. ಗಣಿ ನಡೆಯುತ್ತಿದ್ದ ಕಾಲದಲ್ಲಿ ಎರಡು ಗಂಟೆಯ ಸಂಗು ಎಂದರೆ ಎರಡನೇ ಶಿಫ್ಟು. ಗಣಿ ಮುಚ್ಚಿ ಇಪ್ಪತ್ನಾಲ್ಕು ವರ್ಷವಾಯಿತೆಂಬ ಸುದ್ದಿ ಮುನಿಶಾಮಿಯ ತಲೆಗೆ ತಲುಪಿತ್ತು, ಕಾಲಿಗೆ ತಲುಪಿರಲಿಲ್ಲ. ಉಂಡು ಮಲಗಿದ್ದವನು ಕಣ್ಣು ಬಿಡುವ ಮೊದಲೇ ಎದ್ದು, ರಾಗಿ ಡಬ್ಬದ ಮೇಲಿದ್ದ ಹೆಲ್ಮೆಟ್ಟನ್ನು ತಲೆಗಿಟ್ಟು, ಗೂಡಿನಲ್ಲಿದ್ದ ಟಿಫಿನ್ ಕ್ಯಾರಿಯರ್ ಹಿಡಿದು ಹೊರಟ. ಹೆಂಡತಿ ಕದಿರಮ್ಮ ಬಟ್ಟೆ ಒಗೆಯುವ ಕಲ್ಲಿನಿಂದ ತಲೆ ಎತ್ತುವಷ್ಟರಲ್ಲಿ ಅವನು ಲೈನ್ ಮನೆಗಳ ಸಾಲು ದಾಟಿ, ಗಣಿಗೆ ಇಳಿಯುವ, ಮುಳ್ಳುಗಿಡ ಮುತ್ತಿದ ಹಳೇ ಶಾಫ್ಟಿನ ಗೇಟಿನ ಮುಂದೆ ನಿಂತಿದ್ದ. ಮೇಲೆ ಬನಿಯನ್ನು, ಕೆಳಗೆ ಪಟ್ಟೆಪಟ್ಟೆ ಚಡ್ಡಿ. ಲುಂಗಿ ಮಂಚದಲ್ಲೇ ಉಳಿದಿತ್ತು.

ಅದು ಯುದ್ಧದ ಮಾಕ್ ಡ್ರಿಲ್. ವೈರಿ ವಿಮಾನ ಬಂದರೆ ಜನ ಏನು ಮಾಡಬೇಕೆಂದು ತೋರಿಸಲು ಅಧಿಕಾರಿಗಳು, ಹೋಮ್‌ಗಾರ್ಡುಗಳು, ಕ್ಯಾಮೆರಾ ಹಿಡಿದ ಇಬ್ಬರು ಅಲ್ಲಿ ಸೇರಿದ್ದರು. ಎಲ್ಲರೂ ನೆಲಕ್ಕೆ ಬೋರಲು ಬಿದ್ದಿದ್ದ ಹೊತ್ತಿನಲ್ಲಿ ಇವನೊಬ್ಬ ಟಿಫಿನ್ ಹಿಡಿದು ನೆಟ್ಟಗೆ ನಿಂತಿದ್ದ.

"ಯಜಮಾನ್ರೇ, ಮಲಕ್ಕೊಳ್ಳಿ," ಎಂದ ಹೋಮ್‌ಗಾರ್ಡ್.

"ಮಲಗಿದ್ದೋನ್ನ ಎಬ್ಬಿಸಿ ಮಲಕ್ಕೋ ಅಂತೀಯಲ್ಲಪ್ಪ."

"ವೈರಿ ವಿಮಾನ ಬಂದೈತೆ."

"ಯಾವ ಲೆವೆಲ್‌ಗೆ?"

ಗಣಿಯೊಳಗೆ ಇಷ್ಟಿಷ್ಟು ಅಡಿಗೊಂದು ಲೆವೆಲ್ ಇರುತ್ತಿತ್ತು. ಮುನಿಶಾಮಿಯ ಭೂಗೋಳವೆಲ್ಲ ಕೆಳಮುಖ; ಆಕಾಶದಲ್ಲೂ ಏನಾದರೂ ಆಗಬಹುದೆಂದು ಅವನು ಯಾವತ್ತೂ ಯೋಚಿಸಿದವನಲ್ಲ. ಅಷ್ಟರಲ್ಲಿ ಕ್ಯಾರಿಯರಿನ ಕೊಂಡಿ ಬಿಚ್ಚಿ ಮೂರು ಡಬ್ಬಿಯೂ ಕೆಳಗೆ ಬಿದ್ದವು. ಒಂದರಲ್ಲಿ ಕದಿರಮ್ಮನ ಗುಂಡಿಗಳು, ಇನ್ನೊಂದರಲ್ಲಿ ನುಸಿಗುಳಿಗೆ, ಮತ್ತೊಂದರಲ್ಲಿ ಗಂಡಹೆಂಡಿರ ವೋಟರ್ ಕಾರ್ಡು. ಆ ವಿಡಿಯೊ 'ಶಿಫ್ಟಿಗೆ ಲೇಟಾದ ತಾತ' ಎಂಬ ಹೆಸರಿನಲ್ಲಿ ಸಂಜೆಯೊಳಗೆ ಮಾರಿಕುಪ್ಪಂನಿಂದ ಬಂಗಾರಪೇಟೆವರೆಗೂ ಓಡಾಡಿತು. ಆ ದಾರಿಯಲ್ಲಿ ರೈಲು ಕೂಡ ಅಷ್ಟು ಬೇಗ ಓಡಿದ್ದಿಲ್ಲ.

ಮುನಿಶಾಮಿ ಗಣಿಯಲ್ಲಿ ಮಾಡುತ್ತಿದ್ದದ್ದು ಗಂಟೆಯ ಕೆಲಸ. ಸಾವಿರಾರು ಅಡಿ ಕೆಳಗೆ, ಆಳುಗಳನ್ನು ಮೇಲೆ ಕೆಳಗೆ ಸಾಗಿಸುವ ಕಬ್ಬಿಣದ ಕೇಜಿನ ಪಕ್ಕ ನಿಂತು, ಎಷ್ಟು ಜನ ಹತ್ತಿದರು, ಎಷ್ಟು ಭಾರವಾಯಿತು ಎಂದು ಕಣ್ಣಳತೆಯಲ್ಲೇ ಹೇಳಿ, ಬಾಗಿಲು ಎಳೆದು, ಗಂಟೆ ಹೊಡೆಯಬೇಕು. ಮೇಲಿಂದ ಕೇಜು ಎಳೆಯುವ ಎಂಜಿನ್‌ನವನಿಗೆ ಆ ಗಂಟೆಯೇ ಕಣ್ಣು. ಕೇಜಿನಲ್ಲಿ ಕೇಜಿ ಲೆಕ್ಕ ಹಾಕಿ ಹಾಕಿ ಅವನಿಗೆ ಅದೊಂದು ಚಟವಾಗಿ ಅಂಟಿಕೊಂಡಿತ್ತು. ಮದುವೆಮನೆಯಲ್ಲಿ ಹೆಣ್ಣನ್ನು ನೋಡಿ ಎಲ್ಲರೂ "ಲಕ್ಷಣವಾಗೌಳೆ" ಅಂದರೆ ಇವನು "ಐವತ್ತೆಂಟು" ಅನ್ನುತ್ತಿದ್ದ. ಅಳಿಯ ನರೇಶ್ ಮೊದಲ ಸಲ ಮನೆಗೆ ಬಂದಾಗಲೂ ಕುಲಗೋತ್ರ ಕೇಳದೆ "ಎಪ್ಪತ್ತೊಂದು" ಎಂದು ಮಾತ್ರ ಹೇಳಿ ಒಪ್ಪಿಕೊಂಡಿದ್ದ. ನರೇಶ್ ಮನೆಗೆ ಹೋಗಿ ತೂಗಿ ನೋಡಿಕೊಂಡನಂತೆ. ಎಪ್ಪತ್ತೊಂದೇ.

ಗಂಟೆಯವನಿಗೆ ಇನ್ನೊಂದು ನಿಯಮವಿತ್ತು. ಅಪಘಾತದ ಸಂಗು ಕೂಗಿದರೆ ಎಲ್ಲರನ್ನೂ ಮೇಲೆ ಕಳಿಸಿ, ಕೆಳಗೆ ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವನು ಕೊನೆಯಲ್ಲಿ ಹತ್ತಬೇಕು. ಈ ಕತೆಯನ್ನು ಮುನಿಶಾಮಿ ಮಗಳು ತ್ರಿವೇಣಿಗೆ ಅವಳ ಬಾಲ್ಯದಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಅವಳು ಅದನ್ನು ಲಾಲಿ ಎಂದುಕೊಂಡು ನಿದ್ದೆ ಮಾಡುತ್ತಿದ್ದಳು.

ಆ ತ್ರಿವೇಣಿ ಈಗ ಇಸ್ರೇಲಿನಲ್ಲಿದ್ದಳು. ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ಮುದುಕರ ಹಾಸಿಗೆ ಬದಲಿಸಿದ ಮೇಲೆ, ಅದೇ ಕೆಲಸವನ್ನು ತೆಲ್ ಅವೀವ್ ಪಕ್ಕದ ಊರಿನಲ್ಲಿ ಮಾಡಲು ಮೂರು ವರ್ಷದ ಹಿಂದೆ ಹೋಗಿದ್ದಳು. ಅವಳು ನೋಡಿಕೊಳ್ಳುತ್ತಿದ್ದ ತೊಂಬತ್ತೊಂದರ ಅಜ್ಜಿಯ ಹೆಸರು ಮಿರಿಯಂ. "ನಮ್ಮ ಲೈನಲ್ಲೇ ಮೂರು ಜನ ಮಿರಿಯಂ ಅವ್ರೆ, ದೂರದೋಳೇನಲ್ಲ," ಎಂದು ಕದಿರಮ್ಮ ಸಮಾಧಾನ ಮಾಡಿಕೊಂಡಿದ್ದಳು.

ಚಡ್ಡಿ ಪ್ರಕರಣದ ಮುಂದಿನ ತಿಂಗಳು, ಜೂನಿನಲ್ಲಿ, ಇಸ್ರೇಲಿಗೂ ಇರಾನಿಗೂ ಯುದ್ಧ ಹತ್ತಿಕೊಂಡಿತು. ಎರಡನೆಯ ದಿನ ತ್ರಿವೇಣಿ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅತ್ತ ಸಂಗು ಕೂಗಿತು. ಇತ್ತ ಮುನಿಶಾಮಿ ಮಂಚದಿಂದ ಇಳಿದು ಹೆಲ್ಮೆಟ್ಟಿಗೆ ಕೈ ಚಾಚಿದ.

"ಕೂತ್ಕಳಯ್ಯಾ," ಎಂದಳು ಕದಿರಮ್ಮ. "ಅದು ನಿಂದಲ್ಲ, ಮಗಳ್ದು."

"ಇಡ್ತೀನಪ್ಪಾ, ಕೆಳಗೆ ಹೋಗಬೇಕು," ಎಂದಳು ತ್ರಿವೇಣಿ.

"ಕೆಳಗ್ಯಾಕೆ? ಸಂಗು ಕೂಗಿದ್ರೆ ಮೇಲೆ ಬರ್ಬೇಕು ಕಣವ್ವಾ."

"ಇಲ್ಲಿ ಉಲ್ಟಾ ಅಪ್ಪಾ. ಕಟ್ಟಡದ ಕೆಳಗೆ ಬಂಕರ್ ಐತೆ."

"ಎಷ್ಟು ಆಳ?"

"ಹದಿನೈದು ಅಡಿ ಇರಬೋದು."

"ಹದಿನೈದು ಅಡೀನಾ?" ಹತ್ತು ಸಾವಿರ ಅಡಿಯ ಗಣಿ ಕಂಡವನಿಗೆ ಅದು ಅವಮಾನವಾದಂತಾಯಿತು. "ಅಷ್ಟು ಆಳ ನಮ್ಮೂರಲ್ಲಿ ಹುಣಸೇಮರದ ಬೇರು ಓಗ್ತದೆ."

ಫೋನು ಕಟ್ಟಾಯಿತು. ಮುನಿಶಾಮಿಯ ತಲೆಯಲ್ಲಿ ಅಂದಿನಿಂದ ಒಂದು ಕೇಜು ಮೇಲೂ ಕೆಳಗೂ ಓಡಾಡತೊಡಗಿತು. ಸಂಗು ಕೂಗಿದರೆ ಕೆಳಗಿನವರು ಮೇಲೆ ಬರುವ ಲೋಕ ಅವನಿಗೆ ಗೊತ್ತಿತ್ತು. ಮೇಲಿನವರು ಕೆಳಗೆ ಹೋಗುವ ಲೋಕದಲ್ಲಿ ಗಂಟೆ ಯಾರು ಹೊಡೆಯುತ್ತಾರೆ?

ಸೋಮವಾರ ತ್ರಿವೇಣಿ ಇನ್ನೊಂದು ವಿಷಯ ಹೇಳಿದಳು. ಊರಿಗೆ ಮರಳುವವರ ಹೆಸರನ್ನು ಎಂಬೆಸಿಯವರು ಬರೆದುಕೊಳ್ಳುತ್ತಿದ್ದಾರೆ. ಬಸ್ಸಿನಲ್ಲಿ ಪಕ್ಕದ ದೇಶಕ್ಕೆ ಕರೆದೊಯ್ದು ಅಲ್ಲಿಂದ ವಿಮಾನ. ಅವಳಿದ್ದ ಊರಿನವರು ಗುರುವಾರ ಸಂಜೆಯೊಳಗೆ ಹೆಸರು ಕೊಡಬೇಕು. ಬಾ ಎಂದ ಗಂಡ. ಬಾ ಬಾ ಎಂದಳು ತಾಯಿ. ಅವಳು ಮಾತ್ರ, "ಅಪ್ಪ ಹೇಳ್ಲಿ. ನೆಲದ ಕೆಳಗಿನ ವಿಷ್ಯ ಅಪ್ಪಂಗೆ ಗೊತ್ತು. ಅಪ್ಪ ಏನಂದ್ರೆ ಅದು," ಎಂದುಬಿಟ್ಟಳು.

ಎದೆಯಲ್ಲಿ ಮುನಿಶಾಮಿಯೂ "ಬಾ" ಎಂದೇ ಅಂದುಕೊಂಡಿದ್ದ. ಆದರೆ ಅವಳು ಅಭಿಪ್ರಾಯ ಕೇಳಿದ್ದಳು. ಅಭಿಪ್ರಾಯ ಕೊಡುವವನು ವಿಷಯ ತಿಳಿದಿರಬೇಕಲ್ಲ. ಯುದ್ಧ ಎರಡು ದಿನದಲ್ಲಿ ನಿಲ್ಲುವುದಾದರೆ ಕೆಲಸ ಬಿಟ್ಟು ಬರುವುದೇಕೆ? ಎರಡು ವರ್ಷ ನಡೆಯುವುದಾದರೆ ಒಂದು ಗಳಿಗೆ ಇರುವುದೇಕೆ? ಹೀಗೆ ಗಂಟೆ ಮುನಿಶಾಮಿ, ಅರವತ್ತೆಂಟನೇ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ವ್ಯವಹಾರಗಳ ಅಧ್ಯಯನಕ್ಕೆ ಇಳಿದ. ಕೈಯಲ್ಲಿದ್ದದ್ದು ಮೂರು ದಿನ.

ಮೊದಲ ಗುರು ಪಕ್ಕದ ಮನೆಯ ಸೆಲ್ವರಾಜ್. ಗಣಿಯಲ್ಲಿ ಸುರಂಗ ಕುಸಿಯದಂತೆ ಮರದ ಆಸರೆ ಕೊಡುತ್ತಿದ್ದವನು, ಈಗ ತಮಿಳು ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದಿ ಲೈನಿನ ಅಭಿಪ್ರಾಯಗಳಿಗೆ ಆಸರೆ ಕೊಡುತ್ತಿದ್ದ.

"ಇದು ಎಣ್ಣೆ ವಿಷ್ಯ ಅಣ್ಣಾ," ಎಂದ ಸೋಮವಾರ. ಮಂಗಳವಾರ ಬೆಳಿಗ್ಗೆ, "ಎಣ್ಣೆ ಇಲ್ಲ, ಅಣುಬಾಂಬು ವಿಷ್ಯ," ಎಂದ. ಮಧ್ಯಾಹ್ನ, "ಕುರ್ಚಿ ವಿಷ್ಯ. ಕುರ್ಚಿ ಅಲ್ಲಾಡಿದ್ರೆ ಯಾರಾದ್ರೂ ಯುದ್ಧ ಮಾಡ್ತಾರೆ," ಎಂದ.

"ದೊಡ್ಡ ದೊಡ್ಡ ದೇಶಗಳು ಯಾರ ಕಡೆ ಅವ್ರೆ?"

"ಎಲ್ಲಾ ಶಾಂತಿ ಕಡೆ."

"ಅಂಗಾರೆ ಬಾಂಬು ಮಾರೋದು ಯಾರು?"

"ಅವ್ರೇ ಅಣ್ಣಾ. ಶಾಂತಿಗೆ ಖರ್ಚಿರಲ್ವಾ?"

ಮುನಿಶಾಮಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು, ಕೇಜಿಗೆ ಆಳು ಹತ್ತಿಸುವಂತೆ, ದೇಶಗಳನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಬರೆಯತೊಡಗಿದ. ಕೆಲವು ದೇಶಗಳು ಎರಡೂ ಕಡೆ ಬಂದವು. ಕೆಲವು ಬೆಳಿಗ್ಗೆ ಎಡಗಡೆಯಿದ್ದು ಸಂಜೆಗೆ ಬಲಗಡೆ ಇಳಿದವು. ಬಾಗಿಲು ಎಳೆದು ಗಂಟೆ ಹೊಡೆಯೋಣವೆಂದರೆ ಯಾರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಬುಧವಾರ ಅವನು ನರೇಶನ ಜೊತೆ ಬೆಳಗಿನ ರೈಲು ಹತ್ತಿದ. ನರೇಶ್ ವೈಟ್‌ಫೀಲ್ಡಿನ ಗೋದಾಮಿಗೆ ಹೋಗುವವನು. ಮಾವನನ್ನು ಬಂಗಾರಪೇಟೆಯಲ್ಲಿ ಇಳಿಸುವುದೆಂದು ಮಾತು. ಮಾರಿಕುಪ್ಪಂನಲ್ಲಿ ಹತ್ತಿದವರು ಗೆಳೆಯರಿಗಾಗಿ ಸೀಟಿನ ಮೇಲೆ ಕರ್ಚೀಫು ಹಾಸಿ ಇಡುವುದು ಆ ರೈಲಿನ ಸಂವಿಧಾನ. ಊರಗಾಮ್‌ನಲ್ಲಿ ಹತ್ತಿದ ದಪ್ಪ ಹೆಂಗಸೊಬ್ಬಳು ಮೂರು ಕರ್ಚೀಫುಗಳನ್ನು ಒಟ್ಟಿಗೆ ಎತ್ತಿ ಕಿಟಕಿಗೆ ಸಿಕ್ಕಿಸಿ ಕೂತುಕೊಂಡಳು. ಕೋರಮಂಡಲ್ ಬರುವಷ್ಟರಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ ನಡೆದಿತ್ತು.

"ಅಲ್ಲೂ ಇದೇ ಮಾವ," ಎಂದ ನರೇಶ್. "ಮೊದಲು ಕರ್ಚೀಫ್ ಹಾಕಿದ್ದು ಯಾರು ಅಂತ."

"ಮೊದಲು ಹಾಕಿದ್ದು ಯಾರು?"

"ಅದನ್ನೇ ಯಾರೂ ಒಪ್ಪಲ್ಲ." ನರೇಶ್ ಫೋನು ತೆಗೆದು ಒಬ್ಬನ ಭಾಷಣ ತೋರಿಸಿದ. ಅವನು ಮೂರನೇ ಮಹಾಯುದ್ಧ ಶುಕ್ರವಾರವೇ ಎನ್ನುತ್ತಿದ್ದ. ಇನ್ನೊಬ್ಬನನ್ನು ತೋರಿಸಿದ, ಅವನು ಎಲ್ಲ ಮುಗಿದೇ ಹೋಯಿತು ಎಂದ. ಆಮೇಲೆ ಫೋನನ್ನು ಜೇಬಿಗಿಟ್ಟು, ಕಿಟಕಿಯಾಚೆ ನೋಡುತ್ತ, "ನನಗೇನೂ ಗೊತ್ತಾಗ್ತಿಲ್ಲ ಮಾವ. ಅವಳು ಬಂದ್ರೆ ಸಾಕು. ನೀವು ಬಾ ಅಂದುಬಿಡಿ," ಎಂದ. ಅವನ ಧ್ವನಿ ಎಪ್ಪತ್ತೊಂದು ಕೇಜಿಯವನದಾಗಿರಲಿಲ್ಲ.

"ವಿಚಾರಿಸಿ ಏಳ್ತೀನಪ್ಪ," ಎಂದ ಮುನಿಶಾಮಿ.

ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಕಲ್ಪನಳ ಟೀ ಅಂಗಡಿ. ಅಲ್ಲಿ ಎರಡನೇ ಗುರು ಮುನಿನಾರಾಯಣಪ್ಪ ಮೇಷ್ಟ್ರು ಕಾಯುತ್ತಿದ್ದರು. ಕಾಮಸಮುದ್ರದ ಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ಕಲಿಸಿ ನಿವೃತ್ತರಾಗಿ, ಈಗ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಇಲ್ಲಿ ಕೂರುವವರು. ವಿಷಯ ಕೇಳಿದವರೇ ಎರಡು ಟೀ ಲೋಟ, ಮೂರು ಬಿಸ್ಕತ್ತು ತೆಗೆದುಕೊಂಡು ಮೇಜಿನ ಮೇಲೆ ಪಶ್ಚಿಮ ಏಷ್ಯಾವನ್ನು ಸ್ಥಾಪಿಸಿದರು.

"ನೋಡು ಮುನಿಶಾಮಿ. ಈ ತುದಿಯ ಲೋಟ ಇಸ್ರೇಲು. ಆ ತುದಿಯ ಲೋಟ ಇರಾನು."

"ಮಧ್ಯದ ಬಿಸ್ಕತ್ತು?"

"ಬೇರೆ ದೇಶಗಳು. ಜೋರ್ಡಾನು, ಸಿರಿಯಾ, ಇರಾಕು."

ಮುನಿಶಾಮಿ ಬಿಸ್ಕತ್ತುಗಳನ್ನು ಬೆರಳು ಮುಟ್ಟಿಸಿ ಎಣಿಸಿದ. "ಅಂದ್ರೆ ಅಕ್ಕಪಕ್ಕದ ಜಮೀನಲ್ವಾ ಮೇಷ್ಟ್ರೇ?"

"ಅಲ್ಲ. ಸಾವಿರ ಮೈಲಿ ದೂರ."

"ಬದು ಇಲ್ದೆ ಜಗಳ ಎಂಗೆ?"

ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಮೇಷ್ಟ್ರಿಗೆ ಈ ಪ್ರಶ್ನೆ ಕೇಳಿರಲಿಲ್ಲ. "ಈಗ ಬದು ಆಕಾಶದಲ್ಲಿರುತ್ತೆ," ಎಂದು ಸುಧಾರಿಸಿಕೊಂಡರು. "ಕದನ ವಿರಾಮ ಆಗಬಹುದು. ಆದರೆ ಅದು ಪೂರ್ಣವಿರಾಮ ಅಂದ್ಕೋಬೇಡ. ಅಲ್ಪವಿರಾಮ. ಅದರ ಮುಂದೆ ವಾಕ್ಯ ಇದ್ದೇ ಇರುತ್ತೆ."

"ಯಾವಾಗ ಆಗ್ತದೆ?"

"ಒಂದು ವಾರ. ಇಲ್ಲಾ ಮೂವತ್ತು ವರ್ಷ."

ಆಗ ಕಲ್ಪನ ಬಂದು ಎರಡೂ ದೇಶಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ತೊಳೆಯಲು ಹೋದಳು. ಮೇಷ್ಟ್ರು ಯೋಚನೆಯಲ್ಲಿ ಇರಾಕನ್ನು ತಿಂದುಬಿಟ್ಟಿದ್ದರು. ಮೇಜಿನ ಮೇಲೆ ಉಳಿದ ಸಿರಿಯಾವನ್ನೂ ಜೋರ್ಡಾನನ್ನೂ ಮುನಿಶಾಮಿ ಕಾಗದದಲ್ಲಿ ಸುತ್ತಿ ಕದಿರಮ್ಮನಿಗೆಂದು ಜೇಬಿಗಿಟ್ಟುಕೊಂಡ. ಮೂರು ದಿನದ ಅಧ್ಯಯನದಲ್ಲಿ ಅವನ ಕೈಗೆ ಬಂದದ್ದು ಅಷ್ಟೇ.

ಗುರುವಾರ ರಾತ್ರಿ ಎಂಟಕ್ಕೆ, ಅಲ್ಲಿನ ಸಂಜೆ ಐದೂವರೆಗೆ, ಫೋನು ಬಂತು. ನರೇಶ್ ರಜೆ ಹಾಕಿ ಬಂದು ಕೂತಿದ್ದ. ಕದಿರಮ್ಮ ಬಾಗಿಲ ಬಳಿ, ಸೆಲ್ವರಾಜ್ ಪೇಪರಿನ ಸಮೇತ ಹೊಸ್ತಿಲ ಮೇಲೆ. ಮುನಿಶಾಮಿಯ ಕೈಯಲ್ಲಿ ಕ್ಯಾಲೆಂಡರಿನ ಹಾಳೆಯಿತ್ತು. ದೇಶಗಳ ಮೇಲೆ ದೇಶ ಬರೆದು ಬರೆದು ಅದರಲ್ಲಿ ಭೂಮಿಯೇ ಕಾಣುತ್ತಿರಲಿಲ್ಲ.

"ಅಪ್ಪಾ, ಆರು ಗಂಟೆಗೆ ಹೆಸರು ಕೊಡಬೇಕು. ಏನ್ ಹೇಳ್ತೀಯ?"

ಬಾ ಎನ್ನಲು ಮುನಿಶಾಮಿ ಬಾಯಿ ತೆರೆದ. ಅತ್ತ ಸಂಗು ಕೂಗಿತು. ಅವನ ಕಾಲು ಈ ಸಲ ಅಲುಗಲಿಲ್ಲ, ಕಿವಿ ನಿಮಿರಿತು. ಗಂಟೆಯವನ ಕಿವಿ. ಸಂಗಿನ ಹಿಂದೆ ಬಾಗಿಲುಗಳು ಬಡಿದವು, ಯಾರಾರದೋ ಚಪ್ಪಲಿಗಳು ಮೆಟ್ಟಿಲ ಮೇಲೆ ಓಡಿದವು. ಫೋನು ಹಿಡಿದವಳ ಚಪ್ಪಲಿ ಮಾತ್ರ ಓಡುತ್ತಿರಲಿಲ್ಲ.

"ನೀನ್ಯಾಕೆ ಇಳೀತಿಲ್ಲ?"

"ಇಳೀತೀನಿ."

"ಸುಳ್ಳು ಏಳಬ್ಯಾಡ. ನಿನ್ ಕಾಲಿನ ಸದ್ದು ಇಲ್ಲ."

ತ್ರಿವೇಣಿಯ ಬಾಯಿಂದ ಎಲ್ಲ ಒಟ್ಟಿಗೆ ಬಂತು. ಮನೆ ಇರುವುದು ಮೂರನೇ ಮಹಡಿ. ಲಿಫ್ಟ್ ಕೆಟ್ಟು ಎರಡು ತಿಂಗಳಾಗಿದೆ. ಮೇಲಿನ ಮಹಡಿಯವರಿಗೂ ಕೆಳಗಿನವರಿಗೂ ಮಾತಿಲ್ಲ, ರಿಪೇರಿಯ ಕಾಗದಕ್ಕೆ ಯಾರು ಮೊದಲು ಸಹಿ ಹಾಕಬೇಕೆಂಬ ಪಂತ. ಸಂಗು ಕೂಗಿದ ಮೇಲೆ ಸಿಗುವುದು ಕೆಲವೇ ನಿಮಿಷ. ಅಜ್ಜಿ ವಾಕರ್ ಹಿಡಿದು ಬಾಗಿಲಿಗೆ ಬರುವಷ್ಟರಲ್ಲೇ ಅದು ಮುಗಿಯುತ್ತದೆ. ನೀನು ಹೋಗು ಅನ್ನುತ್ತಾಳೆ. ಇವಳು ಹೋಗುವುದಿಲ್ಲ. ಇಷ್ಟು ದಿನವೂ ಇಬ್ಬರೂ ಬಾಗಿಲಾಚೆಯ ಮೆಟ್ಟಿಲ ಗೋಡೆಗೆ ಒರಗಿ, ಕೈ ಹಿಡಿದುಕೊಂಡು ಕೂತಿದ್ದರು. ಅಜ್ಜಿಯ ಮಗ ಬೇರೆ ಊರಿನಿಂದ ಬರಲು ಇನ್ನೂ ನಾಲ್ಕು ದಿನ.

"ಅಯ್ಯೋ ನನ್ ಕೂಸೇ," ಎಂದಳು ಕದಿರಮ್ಮ, ಮೆಲ್ಲಗೆ.

"ನೀನೇ ಹೇಳ್ತಿದ್ದೆಯಲ್ಲಪ್ಪಾ," ಎಂದಳು ತ್ರಿವೇಣಿ, "ಗಂಟೆಯವನು ಕೊನೆಗೆ ಹತ್ತೋದು ಅಂತ."

ಮುನಿಶಾಮಿಗೆ ತನ್ನ ಕತೆಯ ಮೇಲೆ ಜೀವನದಲ್ಲಿ ಮೊದಲ ಬಾರಿ ಸಿಟ್ಟು ಬಂತು. ಮಕ್ಕಳಿಗೆ ನರಿಯ ಕತೆ ಹೇಳಬೇಕು, ಕಾಗೆಯ ಕತೆ ಹೇಳಬೇಕು. ಕೈಯಲ್ಲಿದ್ದ ಕ್ಯಾಲೆಂಡರನ್ನು ನೋಡಿದ. ಎಡಗಡೆಯ ದೇಶಗಳೂ ಬಲಗಡೆಯ ದೇಶಗಳೂ ಅವನಿಗೆ ಏನೂ ಹೇಳಲಿಲ್ಲ.

"ಆ ಅಜ್ಜಿ ಎಷ್ಟು ತೂಕ?" ಎಂದ.

"ಏನಪ್ಪಾ?"

"ತೂಕ, ತೂಕ. ಬೇಗ ಏಳು."

"ನಲವತ್ತೆರಡು."

"ಅಷ್ಟೇನಾ? ಕಾಲು ಮುರಿದ ಎಂಬತ್ತು ಕೇಜಿ ಆಳನ್ನ ಬೆನ್ನಮೇಲೆ ಹಾಕ್ಕೊಂಡು ಏಣಿ ಹತ್ತಿದೀನಿ ನಾನು. ನೀನು ಇಳಿಯೋದು ತಾನೆ. ಬೆಡ್‌ಶೀಟ್ ತಗೊ. ಅವಳ ಕುಂಡಿ ಕೆಳಗಿಂದ ತಂದು ನಿನ್ನ ಹೊಟ್ಟೆ ಮುಂದೆ ಗಂಟು ಹಾಕು. ಅವಳ ಕೈ ನಿನ್ನ ಕತ್ತಿಗಿರಲಿ. ಫೋನು ಜೇಬಲ್ಲಿಡು, ಕಟ್ ಮಾಡಬ್ಯಾಡ. ಒಂದು ಕೈ ಗೋಡೆಗೆ ಕೊಟ್ಟು ಇಳಿ, ನಾನು ಎಣಿಸ್ತೀನಿ."

ಸ್ವಲ್ಪ ಹೊತ್ತು ಬಟ್ಟೆಯ ಸರಸರ, ಅರ್ಥವಾಗದ ಭಾಷೆಯಲ್ಲಿ ಮುದುಕಿಯೊಬ್ಬಳ ಗೊಣಗಾಟ. ಆಮೇಲೆ ಮೆಟ್ಟಿಲು. ಮುನಿಶಾಮಿ ಕಣ್ಣು ಮುಚ್ಚಿ, ಒಂದೊಂದು ಹೆಜ್ಜೆಗೂ ಮಂಚದ ಕಾಲಿಗೆ ಬೆರಳಿನ ಗೆಣ್ಣಿನಿಂದ ಹೊಡೆದು ಎಣಿಸಿದ. ಹದಿನೆಂಟು. ಮೂವತ್ತಾರು. ನಲವತ್ತರಲ್ಲಿ ಒಮ್ಮೆ ನಿಂತಿತು. ನರೇಶ್ ಎದ್ದು ನಿಂತ. ಮತ್ತೆ ಶುರುವಾಯಿತು. ಐವತ್ತನಾಲ್ಕು. ಎಲ್ಲೋ ದೊಡ್ಡದೊಂದು ಸದ್ದು, ಫೋನು ಕಟ್ಟು.

ಕಾಲು ಗಂಟೆಯವರೆಗೂ ಮತ್ತೆ ಫೋನು ಬರಲಿಲ್ಲ. ಹಿಂದೆ ಗಣಿಯೊಳಗೆ ಬಂಡೆ ಸಿಡಿದ ದಿನಗಳಲ್ಲಿ ಶಾಫ್ಟಿನ ಬಾಯಲ್ಲಿ ನಿಂತು ಕಾಯುತ್ತಿದ್ದ ಹಾಗೆಯೇ ಕದಿರಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಗ ಗಂಡನಿಗಾಗಿ, ಈಗ ಮಗಳಿಗಾಗಿ.

ಫೋನು ಬಂದಾಗ ತ್ರಿವೇಣಿ ಏದುಸಿರು ಬಿಡುತ್ತಿದ್ದಳು. "ಕೆಳಗಿದೀವಪ್ಪಾ. ಏನೂ ಆಗಿಲ್ಲ. ಸದ್ದು ದೂರದ್ದು. ನಾನು ಕುದುರೆ ಅಂತೆ, ಅಜ್ಜಿ ಹೇಳ್ತಾಳೆ."

"ಅವಳ ಮಗ ಬಂದ ದಿನ ನಿನ್ ಹೆಸರು ಬರೆಸು. ಅವತ್ತೇ. ಇನ್ನೊಂದು ಪಟ್ಟಿ ಇದ್ದೇ ಇರ್ತದೆ. ಅಲ್ಲೀಗಂಟ ಇಂಗೇ ಇಳಿ. ಬೆಡ್‌ಶೀಟ್ ಬಾಗಿಲಿಗೆ ನೇತಾಕಿರು."

"ಆಯ್ತು," ಎಂದಳು. ಇನ್ನೂ ಏನೋ ಹೇಳಲಿದ್ದಳು; ನರೇಶ್ ಫೋನು ಇಸಿದುಕೊಂಡು ಹಿತ್ತಲಿಗೆ ಹೋದ.

ಕದಿರಮ್ಮ ಟೀ ಇಟ್ಟಳು. ಜೊತೆಗೆ ನಿನ್ನೆಯ ಸಿರಿಯಾ ಜೋರ್ಡಾನುಗಳನ್ನೂ ತಟ್ಟೆಗೆ ಹಾಕಿದಳು. ಸೆಲ್ವರಾಜ್ ಪೇಪರನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮೂರು ದಿನ ಪಾಠ ಹೇಳಿದ ಗುರುವಿಗೆ ಶಿಷ್ಯನ ಪರೀಕ್ಷೆ ಮಾಡದೆ ಇರಲಾಗಲಿಲ್ಲ.

"ಅಣ್ಣಾ, ಎಣ್ಣೆ ಕೇಳ್ದೆ, ಅಣು ಕೇಳ್ದೆ, ಬಂಗಾರಪೇಟೆಗೂ ಓಗಿ ಬಂದೆ. ಎಲ್ಲಾ ನೋಡಿ ಒಂದು ಮಾತು ಏಳು. ಕೊನೆಗೂ ತಪ್ಪು ಯಾರ್ದು?"

ಮುನಿಶಾಮಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲು ಬಾಯಿಗಿಟ್ಟುಕೊಂಡು, ನಿಧಾನವಾಗಿ ನುಂಗಿದ.

"ಲಿಫ್ಟ್‌ದು," ಎಂದ.